ಎರಡೂವರಿ ಕಿಲೋಮೀಟರ್

14-7-2025, ಸೋಮವಾರ. ಕೊಟ್ಟೂರು.

ಎದಿಯೊಳಗಿನ ಅಳುಕು ಇಳಿವಲ್ದು. ನಾಳೆ ಮುಂಜಾನಿ ಮಗಳು ಅರ್ಚನಾ ಮೊದಲ ಸಲ ದೊಡ್ಡ ವಿಮಾನ ತಾನ ಇಳಸ್ತಾಳ. ಬಾಜೂಕ ಕ್ಯಾಪ್ಟನ್ ಇರ್ತಾರ, ಆದ್ರೂ ಕೈ ಆಕೀದು.

ಇಪ್ಪತ್ತಾರು ವರ್ಷ ಬಸ್ ಓಡಿಸಿದವ ನಾನು. ಇವತ್ತು ಉಜ್ಜಿನಿ ರಸ್ತೇದಾಗ ಜಿಟಿಜಿಟಿ ಮಳಿ. ಕುರಿ ಅಡ್ಡ ಬಂದ್ವು. ಬ್ರೇಕ್ ಒತ್ತಿದ್ರೂ ಬಸ್ ಜಾರಿಕೋತ ಹೋಗಿ, ಕುರಿ ಇನ್ನೊಂದು ಮಾರು ದೂರ ಇದ್ದಂಗ ನಿಂತಿತು. ಕಣ್ಣ ಮುಂದ ಬಂದದ್ದು ಮಗಳ ಮುಖ.

ಸಂಜಿಮುಂದ ಫೋನಿನ್ಯಾಗ ಕೇಳಿದೆ, "ಅಷ್ಟು ದೊಡ್ಡ ವಿಮಾನಕ್ಕ ರನ್‌ವೇ ಎಷ್ಟುದ್ದ ಬೇಕವ್ವಾ?"

"ಎರಡು ಕಿಲೋಮೀಟರ್ ಆದ್ರೂ ಬೇಕಪ್ಪ. ಮಳಿ ಬಂದಿದ್ರ ಇನ್ನೂ ಹೆಚ್ಚು. ನಾಳೆ ಇಳಸೋ ಕಡೆ ಎರಡೂವರಿ ಐತಿ."

ಕೈಯಾಗ ಉಳಿಯೋದು ಅರ್ಧ ಕಿಲೋಮೀಟರ್, ಅಷ್ಟ.

ಫೋನ್ ಇಡೋ ಮುಂದ ಮೆಲ್ಲಕ ಕೇಳಿದ್ಲು, "ಅಪ್ಪಾ, ಮೊದಲ ದಿನ ಬಸ್ ಹಿಡಿದಾಗ ನಿನಗ ಹೆದರಿಕಿ ಆಗಿತ್ತಾ?"

"ಇಲ್ಲವ್ವ" ಅಂದೆ. ಆಕಿ "ಹೂಂ" ಅಂದು ಫೋನ್ ಇಟ್ಲು.

ಸುಳ್ಳು ಹೇಳಿದೆ. ಆವತ್ತು ಹೆದರಿ ಹರಪನಹಳ್ಳಿ ಮುಟ್ಟೂತನ ಎರಡನೇ ಗೇರ್ ದಾಟಿಸಿರಲಿಲ್ಲ. ಯಾಕ ಹೇಳಲಿಲ್ಲ?

ಈಗ ನಡುರಾತ್ರಿ ಫೋನ್ ಮಾಡಿದ್ರ ನಿದ್ದಿ ಕೆಡತೈತಿ ಅಂತ ವಾಟ್ಸಾಪಿನ್ಯಾಗ ಮೆಸೇಜ್ ಹಾಕಿದೆ: "ಆಗಿತ್ತವ್ವ. ಭಾಳ ಹೆದರಿದ್ದೆ."

ಕೂಡಲೇ ಎರಡೂ ಗೀಟು ನೀಲಿ ಆದ್ವು. ಆಕೀನೂ ಮಲಗಿಲ್ಲ.