ನಕ್ಷೆ ಹೇಳಿದ ನಡುಮಧ್ಯ

ಮಾರ್ಚ್ ೧೪, ಗುರುವಾರ

ಇವತ್ತು ಕ್ರೇನಿನಿಂದ ಎತ್ತಬೇಕಿದ್ದ ಯಂತ್ರ ಆರು ಮೀಟರ್ ಉದ್ದ, ಹನ್ನೆರಡು ಟನ್. ಕೊಕ್ಕೆ ಗುರುತ್ವಕೇಂದ್ರದ ನೇರಕ್ಕೆ ಇರದಿದ್ದರೆ ಅದು ವಾಲುತ್ತದೆ. ನಕ್ಷೆಯಲ್ಲಿ ಕೇಂದ್ರ ನಡುಮಧ್ಯ ಅಂತಿತ್ತು. ಯಾಕೋ ನಂಬಿಕೆ ಬರಲಿಲ್ಲ. ಎರಡೂ ತುದಿಯ ಕೆಳಗೆ ತೂಕದ ಮಾಪಕ ಇಡಿಸಿ ನೋಡಿದೆ: ಮುಂದೆ ಏಳು ಟನ್, ಹಿಂದೆ ಐದು. ಮುಂದಿನ ತುದಿಯಿಂದ ಟಾರ್ಕ್, ಅಂದರೆ ತೂಕ ಗುಣಿಸು ದೂರ, ಲೆಕ್ಕ ಹಾಕಿದೆ. ಹಿಂದಿನ ಐದು ಟನ್, ಆರು ಮೀಟರ್ ದೂರ: ಐದಾರ್ಲ ಮೂವತ್ತು, ಒಟ್ಟು ತೂಕ ಹನ್ನೆರಡರಿಂದ ಭಾಗಿಸಿದರೆ ಕೇಂದ್ರ ಎರಡೂವರೆ ಮೀಟರಿಗೆ, ನಕ್ಷೆ ಹೇಳಿದ ಮೂರಕ್ಕಲ್ಲ.

"ಅರ್ಧ ಮೀಟರ್ ತಾನೇ ಮೇಡಂ?" ಅಂದ ಕ್ರೇನ್ ಚಾಲಕ.

"ಕೆಳಗೆ ಹಗ್ಗ ಹಿಡಿದು ನಿಲ್ಲೋನು ನನ್ನ ತಮ್ಮ ಕಣಪ್ಪಾ."

ಕೊಕ್ಕೆ ಸರಿಸಿದ. ಯಂತ್ರ ಮಟ್ಟಸವಾಗಿ ಎದ್ದಿತು.

ಆದರೆ ಇದೇ ನಕ್ಷೆ, ಇಂಥದ್ದೇ ಯಂತ್ರ ಪಕ್ಕದೂರಿನ ಕಾರ್ಖಾನೆಗೂ ಹೋಗಿದೆ. ಅಲ್ಲಿ ನಾಳೆ ಬೆಳಿಗ್ಗೆ ಎತ್ತುತ್ತಾರಂತೆ. ನಾಲ್ಕು ಸಲ ಫೋನ್ ಮಾಡಿದೆ, ಯಾರೂ ತೆಗೆಯುತ್ತಿಲ್ಲ. ಮೊದಲ ಬಸ್ಸಿಗೇ ಹೋಗುತ್ತೇನೆ. ಅಷ್ಟರೊಳಗೆ ಅವರು ಶುರು ಮಾಡಿಬಿಟ್ಟಿದ್ದರೆ...