ಸುತ್ತಿಗೆಗೆ ಸುತ್ತಿದ ತೊಗಲು

ಅಮ್ಮಾ,

ಊಟದ ಡಬ್ಬಿಯ ಜೊತೆ ಈ ಚೀಟಿ ಕಳಿಸುತ್ತಿದ್ದೇನೆ. ಎದುರು ನಿಂತು ಹೇಳಲು ನನಗೆ ಬಾಯಿ ಬರುವುದಿಲ್ಲ.

ಗೋಪುರದ ಗಡಿಯಾರದ ರಿಪೇರಿ ಮುಗಿಯಿತು. ಹಲ್ಲುಚಕ್ರಗಳ ತುಕ್ಕು ಉಜ್ಜಿ ಉಜ್ಜಿ ಅಂಗೈ ಸುಲಿದಿದೆ, ಅಷ್ಟೆ. ಗಂಟೆಗೆ ನೆಗಡಿಯಾಗಿದೆ, ಕೀ ಕೊಡುವವನಿಗೆ ಕಿವಿಯಿಲ್ಲ ಎಂದು ಊರೆಲ್ಲ ಅಪ್ಪನನ್ನು ಆಡಿಕೊಳ್ಳುತ್ತಿತ್ತಲ್ಲ, ಆ ಗಂಟೆಯಲ್ಲಿ ಒಂದು ಬಿರುಕೂ ಇಲ್ಲ. ಅದನ್ನು ಬಡಿಯುವ ಸುತ್ತಿಗೆಗೆ ತೊಗಲು ಸುತ್ತಿ ಹೊಲಿದಿದೆ. ಹೊಲಿಗೆ ಅಪ್ಪನದೇ.

ಪುಟ್ಟಿ ಜ್ವರದಲ್ಲಿ ಮಲಗಿದ್ದಾಗ, "ಗಂಟೆ ಹೊಡೆದಾಗೆಲ್ಲ ಮಗು ಬೆಚ್ಚಿಬೀಳುತ್ತೆ, ಏನಾದ್ರೂ ಮಾಡ್ರೀ" ಎಂದು ನೀನೇ ಅತ್ತಿದ್ದೆ. ತಂಗಿ ಹೋದ ಮೇಲೂ ಅವರು ಅದನ್ನು ಬಿಚ್ಚಿಲ್ಲ. ತೊಗಲು ಇನ್ನೂ ಮೆತ್ತಗಿದೆ ಅಮ್ಮಾ. ಹೋದ ವರ್ಷ ತಾವು ಕಣ್ಣು ಮುಚ್ಚುವವರೆಗೂ, ಕೀ ಕೊಡಲು ಗೋಪುರ ಹತ್ತಿದಾಗಲೆಲ್ಲ ಎಣ್ಣೆ ಸವರಿದ್ದಾರೆ. ಮಗಳು ಸತ್ತರೂ ಒಂದು ಹನಿ ಕಣ್ಣೀರು ಹಾಕದ ಕಲ್ಲು ಎಂದು ನೀನು ಅವರ ಜೊತೆ ಮಾತು ಬಿಟ್ಟಿದ್ದೆ. ಈಗ ಯಾರಿಗೆ ಏನು ಹೇಳೋಣ?

"ಇದನ್ಯಾಕಮ್ಮ ಸುತ್ತಿದ್ರು?" ಎಂದು ರಿಪೇರಿ ನೋಡಲು ಬಂದ ಇಂಜಿನಿಯರ್ ಸಾಹೇಬರು ಕೇಳಿದರು.

"ಮಗು ಮಲಗಿತ್ತು ಸಾರ್."

"ಇಷ್ಟೊತ್ತಿಗೆ ಎದ್ದಿರುತ್ತೆ ಬಿಡಿ, ಬಿಚ್ಚಿ" ಎಂದು ನಕ್ಕರು.

ಬಿಚ್ಚಿದೆ.

ಸಂಜೆ ಗಂಟೆ ಹೊಡೆಯುತ್ತದೆ, ಜೋರಾಗಿಯೇ ಹೊಡೆಯುತ್ತದೆ. ಗೋಪುರದ ಕಡೆಯ ಕಿಟಕಿ ಹಾಕಿಕೋ. ನನಗೆ ಊಟ ಎತ್ತಿಡಬೇಡ, ಇವತ್ತು ಸೇರುವುದಿಲ್ಲ. ತೊಗಲು ಡಬ್ಬಿಯಲ್ಲಿದೆ. ಒಣಗಲು ಬಿಡಬೇಡ, ಒಂಚೂರು ಎಣ್ಣೆ ಸವರು.

ನಿನ್ನ ದೊಡ್ಡವಳು