ಹಿಂದಿನ ಬೀದಿಯ ಮನೆಯ ಕಡತ

ಮಂಗಳವಾರ, ಮಧ್ಯಾಹ್ನ ಮೂರು ಗಂಟೆ

ಹಾಲ್‌ನಲ್ಲಿ ದಿವಾನದ ಮೇಲೆ ಕೂತು ಬಟಾಣಿ ಬಿಡಿಸುತ್ತಿರುವ ಅಮ್ಮನಿಗೆ, ಅಡುಗೆಮನೆಯ ಬಾಗಿಲ ಮರೆಯಿಂದ ನಿನ್ನ ಮಗಳು ಬರೆಯುವುದು.

ಈ ಕಾಗದವನ್ನು ನಿನ್ನ ಕೈಗೆ ಕೊಡಲು ಹತ್ತು ಹೆಜ್ಜೆ ಸಾಕು. ಆದರೂ ನಾಳೆ ಬೆಳಿಗ್ಗೆ ನೀನು ದಿನದ ಹಾಗೆ ಲೈಬ್ರರಿಗೆ ಎಂದು ಹೊರಡುವ ಮೊದಲೇ ನಾನು ಹೋಗಿ ಇದನ್ನು ಹಿಂದಿನ ಬೀದಿಯ ನಲವತ್ತೊಂದನೆಯ ನಂಬರಿನ ಮನೆಯ ಬಾಗಿಲ ಸಂದಿಯಲ್ಲಿ ತೂರಿಸಿ ಬರುತ್ತೇನೆ. ಬೀಗ ತೆಗೆದು ಕಾಲಿಡುವಾಗ ಸಿಗುತ್ತದೆ. ನಿನ್ನ ಎದೆ ಧಸಕ್ ಎನ್ನುತ್ತದೆ, ಗೊತ್ತು. ಮೊದಲು ಕೂತು ನೀರು ಕುಡಿ, ಆಮೇಲೆ ಓದು. ನಾಲ್ಕು ದಿನದಿಂದ ಕೂತರೂ ನಿಂತರೂ ನನ್ನ ಎದೆ ಹೊಡೆದುಕೊಳ್ಳುತ್ತಿದೆ. ನಿನ್ನದು ಒಂದು ಗಳಿಗೆ ಹೊಡೆದುಕೊಂಡರೆ ಮಹಾ ಅನ್ಯಾಯವೇನೂ ಆಗುವುದಿಲ್ಲ.

ಈ ಸಲದ ಮನೆ ಕಂದಾಯದ ಚೀಟಿ ನೋಡಿ ಇವರು ಹೌಹಾರಿದ್ದು ನಿನಗೆ ನೆನಪಿದೆ. ಎದುರು ಮನೆಯ ಮೇಷ್ಟರು ಬಂದು, ಸುಮ್ನೆ ಕಟ್ಟಬೇಡಮ್ಮ, ಕಚೇರಿಗೆ ಹೋಗಿ ನಿಮ್ಮ ಮನೆ ಕಡತ ತೆಗೆಸಿ ನೋಡು, ಅವರು ಏನು ಬರ್ಕೊಂಡಿದಾರೋ ಯಾರಿಗೆ ಗೊತ್ತು ಅಂದರು. ನೀನು ಬಟ್ಟೆ ಮಡಿಸುತ್ತಾ, ಯಾಕೆ ಸುಮ್ನೆ ಅಲೀತೀಯ, ಕೇಳಿದ್ದು ಕಟ್ಟಿಬಿಡು ಅಂದೆ. ನಮ್ಮಮ್ಮನಿಗೆ ಎಷ್ಟು ವಿರಕ್ತಿ ಬಂದಿದೆ, ಆಸ್ತಿಪಾಸ್ತಿಯ ಗೊಡವೆಯೇ ಇಲ್ಲ ಎಂದುಕೊಂಡೆ. ನನ್ನ ಬುದ್ಧಿಗೆ ಇಷ್ಟು.

ಶುಕ್ರವಾರ ಹೋದೆ. ಮೂರನೇ ಕಿಟಕಿಯ ಗುಮಾಸ್ತ ಕನ್ನಡಕ ಹಣೆಗೇರಿಸಿಕೊಂಡು ನಮ್ಮ ಕಡತ ತೆಗೆದ. ಒಂದೊಂದು ಮನೆಗೂ ಒಂದು ನಂಬರ್, ಒಂದು ಕಡತ. ಅದರಲ್ಲಿ ಅಳತೆ, ಕಟ್ಟಿದ ವರ್ಷ, ಮನೆಯೋ ಅಂಗಡಿಯೋ, ಇರುವವರು ಮಾಲೀಕರೋ ಬಾಡಿಗೆಯವರೋ, ಎಲ್ಲ ಇರುತ್ತದೆ. ನಾನು ವರಾಂಡದಲ್ಲಿ ಹೊಲಿಗೆ ಮೆಷಿನ್ ಇಟ್ಟುಕೊಂಡಿದ್ದೇನಲ್ಲ, ಅದನ್ನು ಅವರು ಅಂಗಡಿ ಎಂದು ಬರೆದುಕೊಂಡಿದ್ದರು. ಎಂಟಡಿ ವರಾಂಡ, ಅದರಲ್ಲಿ ಅರ್ಧ ಚಪ್ಪಲಿ ಸ್ಟ್ಯಾಂಡ್. ತಕರಾರು ಹಾಕಿ, ಆದರೆ ಅಕ್ಕಪಕ್ಕದಲ್ಲಿ ಇಂಥದೇ ಎರಡು ಮನೆಯ ಕಡತ ತೋರಿಸ್ಬೇಕು ಅಂದ. ಬೇರೆಯವರ ಮನೆಯದ್ದು ನಾನು ನೋಡಬಹುದೇ ಎಂದು ಕೇಳಿದರೆ ನಕ್ಕ. ಇದರಲ್ಲಿ ಗುಟ್ಟೇನಿದೆ ಮೇಡಂ, ಯಾರು ಬೇಕಾದ್ರೂ ನೋಡಬಹುದು, ಜನಕ್ಕೆ ಗೊತ್ತಿಲ್ಲ ಅಷ್ಟೆ ಅಂತ ಹೇಳಿ, ಬೀದಿವಾರು ಪಟ್ಟಿಯನ್ನು ಪರದೆಯ ಮೇಲೆ ತೆರೆದು ನನ್ನ ಕಡೆಗೆ ತಿರುಗಿಸಿದ.

ಹೋಲಿಸಿ ತೋರಿಸಲು ನನಗೆ ನಮ್ಮಂಥದೇ ಚಿಕ್ಕ ಮನೆಯ ಕಡತ ಬೇಕಿತ್ತು. ಹಿಂದಿನ ಬೀದಿಯಲ್ಲಿ ನಲವತ್ತೊಂದು ಕಾಣಿಸಿತು. ಮಾಲೀಕರ ಹೆಸರು ಓದಿದೆ. ನಿನ್ನ ಹೆಸರಿನವರು ಇನ್ನೊಬ್ಬರು ಇದ್ದಾರಲ್ಲ ಎಂದು ಮೊದಲು ಖುಷಿಯೇ ಆಯಿತು, ಮನೆಗೆ ಬಂದು ನಿನಗೆ ಹೇಳಿ ನಗಬೇಕು ಅಂದುಕೊಂಡೆ. ಪಕ್ಕದ ಸಾಲಿನಲ್ಲಿ ತಂದೆಯ ಹೆಸರು. ಅಜ್ಜನದ್ದು. ಅದರ ಪಕ್ಕ ನಿನ್ನ ಹುಟ್ಟಿದ ವರ್ಷ. ಕಿಟಕಿಯ ಕಟ್ಟೆ ಹಿಡಿದುಕೊಂಡು ನಿಂತೆ. ಹಿಂದೆ ಸಾಲಿನಲ್ಲಿದ್ದ ಹೆಂಗಸು ತನ್ನ ನೀರಿನ ಬಾಟಲಿ ಕೊಟ್ಟಳು.

ಪೂರ್ತಿ ಕಡತ ಬೇಕೆಂದೆ. ನಿನ್ನ ಸಹಿ, ವಾರ್ಡಿನ ಔಷಧಿ ಚೀಟಿಗಳ ಮೇಲೆ ಮೂವತ್ತೊಂದು ವರ್ಷ ಗೀಚಿದ ಅದೇ ಬಾಲದ ಸಹಿ. ನೀನು ಕೊಂಡ ವರ್ಷವೂ ಇತ್ತು. ನರ್ಸ್ ಕೆಲಸದಿಂದ ನಿವೃತ್ತಳಾಗಿ, ಎರಡು ಪೆಟ್ಟಿಗೆ ಹಿಡಿದು, ನನಗಿನ್ನು ನೀನೇ ಗತಿ ಎಂದು ನಮ್ಮ ಮನೆಗೆ ಬಂದ ವರ್ಷ. ಕೈಗೆ ಬಂದ ಹಣವೆಲ್ಲ ಚಿಕ್ಕಮ್ಮನ ಕಾಯಿಲೆಗೆ ಹೋಯಿತು ಅಂದಿದ್ದೆ. ಶನಿವಾರ ಚಿಕ್ಕಮ್ಮನಿಗೆ ಫೋನು ಮಾಡಿ ನಯವಾಗಿ ಕೇಳಿದೆ. ಯಾವ ಕಾಯಿಲೆನೇ, ನಾನು ಗುಂಡುಕಲ್ಲಿನ ಹಾಗಿದೀನಿ ಅಂದಳು.

ಇಷ್ಟಕ್ಕೇ ನಿಂತಿದ್ದರೆ ನಾನು ಹೇಗೋ ನುಂಗಿಕೊಳ್ಳುತ್ತಿದ್ದೆ. ಆದರೆ ಕಡತದ ಕೊನೆಯಲ್ಲಿ ತಪಾಸಣೆಯ ಹಾಳೆ ಇತ್ತು. ಹೋದ ವರ್ಷ ಯಾರೋ ತಪಾಸಕರು ಬಂದು ಹೋಗಿದ್ದಾರೆ. ಬೆಳಿಗ್ಗೆ ಹನ್ನೊಂದು ಇಪ್ಪತ್ತಕ್ಕೆ. ಮಾಲೀಕರು ಖುದ್ದು ಹಾಜರಿದ್ದರು. ಒಂದು ಕೋಣೆ, ಅಡುಗೆಮನೆ, ಬಚ್ಚಲು. ಮಾಲೀಕರ ಸ್ವಂತ ವಾಸ, ಆದ್ದರಿಂದ ಕಂದಾಯದಲ್ಲಿ ರಿಯಾಯಿತಿ. ಕುಟುಂಬದ ಸದಸ್ಯರು ಎಂಬಲ್ಲಿ ನಿನ್ನ ಹೇಳಿಕೆಯಂತೆ ಬರೆದಿದ್ದರು: ಯಾರೂ ಇಲ್ಲ.

ಯಾರೂ ಇಲ್ಲ. ನಾನು ಒಬ್ಬಳೇ ಮಗಳು. ನಿನಗೆ ಬೆನ್ನುನೋವು ಬಂದಾಗ ಬಿಸಿನೀರಿನ ಚೀಲ ಹಿಡಿದು ಕೂತವಳು. ನಿನ್ನ ರವಿಕೆಗಳಿಗೆ ಒಂದು ಗುಂಡಿ ಕಿತ್ತರೆ ಅವತ್ತೇ ಹಾಕುವವಳು. ಅಳು ಬರಲಿಲ್ಲ, ಸಿಟ್ಟೂ ಬರಲಿಲ್ಲ, ತಲೆಯೊಳಗೆ ಏನೋ ಬಂದ್ ಆದ ಹಾಗಾಯಿತು. ಮನೆಗೆ ಬರುವಾಗ ನಮ್ಮ ಗೇಟನ್ನೇ ದಾಟಿ ಮುಂದೆ ಹೋಗಿಬಿಟ್ಟಿದ್ದೆ.

ನಿನ್ನೆ ನಿನ್ನ ಹಿಂದೆಯೇ ಬಂದೆ. ಲೈಬ್ರರಿಯ ತಿರುವಿನಲ್ಲಿ ನೀನು ಕತ್ತು ಕೂಡ ಹೊರಳಿಸದೆ ಎಡಕ್ಕೆ ತಿರುಗಿದೆ. ಮನೆಯಲ್ಲಿ ಮೊಣಕಾಲು ಹಿಡಿದುಕೊಂಡು ನಡೆಯುವವಳು ಅಲ್ಲಿ ಸರಸರ ನಡೆದೆ. ನೀನು ಒಳಗೆ ಹೋದ ಮೇಲೆ ಮೂಲೆಯ ಇಸ್ತ್ರಿಯವನನ್ನು, ಆ ಮನೆಯಲ್ಲಿ ಯಾರಿರೋದು ಎಂದು ಕೇಳಿದೆ. ಒಬ್ಬರೇ ಅಮ್ಮ, ದಿನಾ ಹತ್ತರಿಂದ ಒಂದರವರೆಗೆ ಇರ್ತಾರೆ, ತುಂಬಾ ಖುಷಿಯಾಗಿರೋ ಹೆಂಗಸು ಅಂದ. ನಾನು ಅವನ ಮುಖವನ್ನೇ ನೋಡಿದೆ. ನಿನ್ನ ಬಗ್ಗೆ ಜನ ಒಳ್ಳೆಯವರು, ಪಾಪದವರು, ಗಟ್ಟಿಗಿತ್ತಿ ಎಂದೆಲ್ಲ ಹೇಳಿದ್ದನ್ನು ಕೇಳಿದ್ದೇನೆ. ಈ ಮಾತು ಮಾತ್ರ ಇದೇ ಮೊದಲು.

ಪಕ್ಕದ ಓಣಿಯಿಂದ ಕಿಟಕಿಯಲ್ಲಿ ಇಣುಕಿದೆ. ತಪ್ಪು, ಒಪ್ಪಿಕೊಳ್ಳುತ್ತೇನೆ. ನೀಲಿ ಪರದೆ ನೋಡಿ ಇನ್ನೊಂದು ಸಲ ಜೀವ ಹಾರಿತು. ಆಸ್ಪತ್ರೆಯ ಗೆಳತಿಗೆ ಬೇಕು ಎಂದು ನನ್ನಿಂದ ಹೊಲಿಸಿಕೊಂಡದ್ದು, ಅಂಚು ಎರಡು ಸಲ ಬಿಚ್ಚಿಸಿ ಹೊಲಿಸಿದ್ದೆಯಲ್ಲ, ಅದೇ. ಒಳಗೆ ಒಂದು ಕುರ್ಚಿ, ಒಂದು ಮೇಜು, ಬೋರಲು ಹಾಕಿದ ಒಂದು ಲೋಟ, ಒಂದು ರೇಡಿಯೋ. ನೀನು ಕಾಲು ಚಾಚಿ ಕೂತಿದ್ದೆ. ಓದುತ್ತಿರಲಿಲ್ಲ, ಹೆಣೆಯುತ್ತಿರಲಿಲ್ಲ, ಸೊಪ್ಪು ಬಿಡಿಸುತ್ತಿರಲಿಲ್ಲ. ಬಾಗಿಲಿಗೆ ಒಳಗಿನಿಂದ ಚಿಲಕ ಹಾಕಿತ್ತು. ರೇಡಿಯೋದಲ್ಲಿ ಯಾರೋ ಏನೋ ಹೇಳಿದರು, ನೀನು ಒಬ್ಬಳೇ ಜೋರಾಗಿ ನಕ್ಕೆ. ನಿನ್ನ ನಗು ಅಷ್ಟು ದೊಡ್ಡದು ಎಂದು ನನಗೆ ಗೊತ್ತೇ ಇರಲಿಲ್ಲ.

ಆಮೇಲೆ ನಮ್ಮ ಮನೆಗೆ ಬಂದು ನಿನ್ನ ಜಾಗ ನೋಡಿದೆ. ಹಾಲ್‌ನ ದಿವಾನ, ಅದರ ಎದುರು ಟಿವಿ, ಎಡಕ್ಕೆ ಬಚ್ಚಲಿಗೆ ಹೋಗುವ ದಾರಿ. ನಿನ್ನ ಸೀರೆಗಳು ಮಕ್ಕಳ ಕಪಾಟಿನ ಕೆಳಗಿನ ಖಾನೆಯಲ್ಲಿ, ಅವರ ಕ್ಯಾರಂ ಬೋರ್ಡಿನ ಹಿಂದೆ. ಆರು ವರ್ಷದಿಂದ ಬಂದವರಿಗೆಲ್ಲ, ನಮ್ಮಮ್ಮಂಗೆ ಎಲ್ಲರ ಮಧ್ಯೆ ಇರೋದೇ ಇಷ್ಟ ಎಂದು ಹೇಳಿಕೊಂಡು ಬಂದಿದ್ದೇನೆ. ನಿನ್ನನ್ನು ಕೇಳಿರಲಿಲ್ಲ. ಮಲಗುವ ಮುಂಚೆ ಟಿವಿ ಮುಂದಿನಿಂದ ನಾಲ್ಕು ಜನ ಏಳುವುದನ್ನು ಕಾಯಬೇಕು, ಸೀರೆ ಬದಲಿಸಲು ಬಚ್ಚಲು ಖಾಲಿಯಾಗುವುದನ್ನು ಕಾಯಬೇಕು. ಕೆಲಸದಲ್ಲಿದ್ದಾಗಲೂ ನಿನ್ನದು ನಾಲ್ಕು ಮಂಚದ ಹಾಸ್ಟೆಲ್ಲೇ. ಚಿಲಕ ಹಾಕಿಕೊಳ್ಳುವ ಒಂದು ಬಾಗಿಲು ನಿನಗೆ ಎಂದೂ ಇರಲಿಲ್ಲ ಎಂಬುದು ನಲವತ್ತು ದಾಟಿದ ನನಗೆ ನಿನ್ನೆ ಹೊಳೆಯಿತು. ನಾಚಿಕೆಯಾಯಿತು. ಹೊಟ್ಟೆಯೂ ಉರಿಯಿತು, ಸುಳ್ಳು ಯಾಕೆ ಹೇಳಲಿ.

ಈಗ ಬರೆಯಲೇಬೇಕಾದ ಮಾತು. ನನ್ನ ಬಾಯಿಗೆ ಬೀಗ ಇಲ್ಲ, ನಿನಗೆ ಗೊತ್ತು. ಶುಕ್ರವಾರ ಆ ಹಾಳೆ ಓದಿದಾಗ ಗಾಬರಿಯಲ್ಲಿ, ಅಯ್ಯೋ ಇವರು ಇರೋದು ನಮ್ಮ ಮನೆಯಲ್ಲಲ್ವಾ ಅಂದುಬಿಟ್ಟೆ. ಗುಮಾಸ್ತನ ಕನ್ನಡಕ ಹಣೆಯಿಂದ ಮೂಗಿಗೆ ಇಳಿಯಿತು. ಅವನು ಬರೆದುಕೊಂಡ. ನಮ್ಮ ರಸ್ತೆಯ ಹೊಂಡ ನೋಡಲು ಮೂರು ವರ್ಷ ತೆಗೆದುಕೊಂಡವರು, ನಿನ್ನ ಮನೆ ನೋಡಲು ಇದೇ ಗುರುವಾರ ಹನ್ನೊಂದಕ್ಕೆ ಬರುತ್ತಿದ್ದಾರೆ. ಮಂಚ ಇದೆಯೇ, ಒಲೆ ಹೊತ್ತುತ್ತದೆಯೇ, ಬಟ್ಟೆಬರೆ ಇದೆಯೇ ಎಂದೆಲ್ಲ ನೋಡುತ್ತಾರಂತೆ. ವಾಸ ಇಲ್ಲ ಎಂದು ಕಂಡುಬಂದರೆ ಸುಳ್ಳು ಘೋಷಣೆ ಎಂದಾಗುತ್ತದೆ. ಆರು ವರ್ಷದ ರಿಯಾಯಿತಿ ವಾಪಸು, ಮೇಲೆ ದಂಡ. ನಿನ್ನ ಪೆನ್ಷನ್ನಿನಲ್ಲಿ ಅದನ್ನು ಕಟ್ಟುವುದು ಆಗದ ಮಾತು. ಮನೆ ಮಾರಬೇಕಾಗುತ್ತದೆ.

ಆದ್ದರಿಂದ ಕೇಳು. ನಾಳೆ ಈ ಕಾಗದ ಓದಿ ಮುಗಿಸಿದ ಮೇಲೆ ಮಧ್ಯಾಹ್ನ ಮನೆಗೆ ಬರಬೇಡ. ನಿನ್ನ ಎರಡು ಪೆಟ್ಟಿಗೆ, ಸೀರೆಗಳು, ಔಷಧಿ ಡಬ್ಬಿ, ಚಿಕ್ಕ ಗ್ಯಾಸ್ ಒಲೆ ಎಲ್ಲವನ್ನೂ ನಾನು ಆಟೋದಲ್ಲಿ ತಂದುಕೊಡುತ್ತೇನೆ. ಮಂಚವನ್ನು ಇವರಿಗೆ ಹೇಳಿ ಸಂಜೆ ಕಳಿಸುತ್ತೇನೆ. ಮಕ್ಕಳಿಗೆ ಏನೋ ಒಂದು ಹೇಳಿಕೊಳ್ಳುತ್ತೇನೆ. ನಾಳೆಯಿಂದ ನೀನು ಅಲ್ಲೇ ಮಲಗು, ಅಲ್ಲೇ ಏಳು, ಅದು ನಿಜವಾಗಿಯೂ ನಿನ್ನ ವಾಸದ ಮನೆಯಾಗಲಿ. ಆಗ ಯಾವ ತಪಾಸಕನಿಗೂ ನೀನು ಅಂಜಬೇಕಿಲ್ಲ. ನಾನು ಒಳಗೆ ಬರುವುದಿಲ್ಲ, ಸಾಮಾನು ಹೊಸ್ತಿಲಲ್ಲಿ ಇಟ್ಟು ಹೋಗುತ್ತೇನೆ. ಕರೆದರೆ ಬರುತ್ತೇನೆ.

ಈಗ ನೀನು ಹಾಲ್‌ನಿಂದ, ಒಂದು ಗಂಟೆಯಿಂದ ಏನೇ ಮಾಡ್ತಿದೀಯ ಒಳಗೆ ಎಂದು ಕೂಗಿದೆ. ಕಂದಾಯದ ತಕರಾರು ಬರೀತಿದೀನಿ ಅಂದೆ. ನೀನು ಮತ್ತೆ ಬಟಾಣಿಗೆ ಕೈಹಾಕಿದೆ.

ಇಂತಿ,
ನಿನ್ನ ಕುಟುಂಬದ ಒಬ್ಬಳು

ಮರೆತದ್ದು: ಮೇಲೆ ಒಂದು ಸುಳ್ಳು ಬರೆದಿದ್ದೇನೆ. ಹರಿದು ಹಾಕಿ ಬೇರೆ ಬರೆಯಲು ಧೈರ್ಯ ಸಾಲದು, ಇಲ್ಲೇ ಸೇರಿಸುತ್ತೇನೆ. ಶುಕ್ರವಾರ ನನ್ನ ಬಾಯಿಂದ ಒಂದು ಮಾತೂ ಜಾರಲಿಲ್ಲ. ಗುಮಾಸ್ತ, ನಿಮಗೆ ಗೊತ್ತಿರೋರಾ ಎಂದು ಕೇಳಿದಾಗ ಇಲ್ಲ ಎಂದು ತಲೆಯಾಡಿಸಿ ಬಂದಿದ್ದೆ. ನಾನು ಹೇಳಿದ್ದು ನಿನ್ನೆ. ನೀನು ಒಬ್ಬಳೇ ಕೂತು ನಕ್ಕದ್ದನ್ನು ಕಿಟಕಿಯಿಂದ ನೋಡಿದ ಮೇಲೆ ನೇರ ಕಚೇರಿಗೆ ಹೋಗಿ, ದೂರಿನ ಫಾರಂ ಕೇಳಿ ತೆಗೆದುಕೊಂಡು, ಅಲ್ಲೇ ನಿಂತು ತುಂಬಿ ಸಹಿ ಮಾಡಿ ಕೊಟ್ಟೆ. ಆ ಮನೆ ಕೈತಪ್ಪಿದರೆ ನೀನು ನಮ್ಮ ಹಾಲ್ ಬಿಟ್ಟು ಎಲ್ಲಿಗೂ ಹೋಗಲಾರೆ ಎಂಬುದು ಆ ದೂರು ಬರೆಯುವಾಗ ನನಗೆ ಚೆನ್ನಾಗಿ ಗೊತ್ತಿತ್ತು.